ಮಾವಿನಕಾಯಿ ಮನೆಯಲ್ಲೇ ಹಣ್ಣು ಮಾಡುವುದು: ಬಾದಾಮಿಯ ಲೆಕ್ಕ ಬೇರೆ, ಮಲ್ಲಿಕಾದ ಲೆಕ್ಕ ಬೇರೆ

“ಐದು ಕಿಲೋ ಬಾದಾಮಿ ಕಾಯಿ ತಂದು ಹುಲ್ಲಿನಲ್ಲಿಟ್ಟೆವು. ವಾರ ಕಳೆಯಿತು. ಅರ್ಧ ಸುಕ್ಕಿತು, ಅರ್ಧ ಕೊಳೆಯಿತು, ಹಣ್ಣಾದ ನಾಲ್ಕೂ ಹುಳಿ. ಎಲ್ಲಿ ತಪ್ಪಿತು?” ಏಪ್ರಿಲ್‌ನಿಂದ ಜುಲೈವರೆಗೆ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ. ಉತ್ತರವೂ ಹೆಚ್ಚುಕಡಿಮೆ ಒಂದೇ: ಹುಲ್ಲಿನದು ತಪ್ಪಲ್ಲ, ಕಾಯಿ ಎಳಸಾಗಿತ್ತು.

ಮಾವು ಮರದಲ್ಲಿರುವಾಗ ತಿರುಳಿನಲ್ಲಿ ಪಿಷ್ಟವನ್ನು ಕೂಡಿಡುತ್ತದೆ. ಕಿತ್ತ ಮೇಲೆ ಆ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಪರಿಮಳ ಹುಟ್ಟುತ್ತದೆ. ಕೂಡಿಡುವ ಮೊದಲೇ ಕಿತ್ತ ಕಾಯಿಗೆ ಸಕ್ಕರೆ ಮಾಡಿಕೊಳ್ಳಲು ಒಳಗೆ ಸರಕೇ ಇರುವುದಿಲ್ಲ. ಅದನ್ನು ಹುಲ್ಲಿನಲ್ಲಿಡಿ, ಅಕ್ಕಿ ಡಬ್ಬದಲ್ಲಿಡಿ, ಹಣ್ಣು ಮಾಡುವ ಗ್ಯಾಸ್ ಕೊಡಿ. ಮೆತ್ತಗಾದೀತು, ಹಳದಿಯಾದೀತು, ಸಿಹಿಯಂತೂ ಆಗದು. ಹಾಗಾಗಿ ಇಲ್ಲಿ ಮೊದಲ ಹಂತಗಳೆಲ್ಲ ಕಾಯಿ ಆರಿಸುವುದರ ಬಗ್ಗೆಯೇ ಇವೆ. ಅಡೆ ಹಾಕುವುದು, ಅಂದರೆ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದು, ಆಮೇಲಿನ ಸುಲಭದ ಕೆಲಸ.

ಬೇಕಾದ ಸಾಮಾನು

ಮೊದಲ ಸಲ ಮಾಡುವವರು 5 ಕಿಲೋಗಿಂತ ಹೆಚ್ಚು ತರಬೇಡಿ. ಬಾದಾಮಿಯಾದರೆ ಸುಮಾರು 20 ಕಾಯಿ, ಬಂಗನಪಲ್ಲಿಯಾದರೆ 12ರಿಂದ 15 ಬರುತ್ತವೆ. ಜೊತೆಗೆ ಇವಿಷ್ಟು ಇರಲಿ:

- ಚೆನ್ನಾಗಿ ಒಣಗಿದ ಭತ್ತದ ಹುಲ್ಲು, ಎರಡು ದೊಡ್ಡ ಹಿಡಿಕಟ್ಟು. ಸಿಗದಿದ್ದರೆ ಅಚ್ಚಿಲ್ಲದ ಕಂದು ಕಾಗದ ಅಥವಾ ಹಳೆಯ ಹತ್ತಿ ಸೀರೆ.
- ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಬಿದಿರಿನ ಕುಕ್ಕೆ ಅಥವಾ ತೂತಿನ ಪ್ಲಾಸ್ಟಿಕ್ ಕ್ರೇಟು. ಮುಚ್ಚಳ ಬಿಗಿಯುವ ಡಬ್ಬಿ ಬೇಡ.
- ಒಂದು ದೊಡ್ಡ ಬಕೆಟ್, ಒರೆಸಲು ಬಟ್ಟೆ.
- ಬಿಸಿನೀರಿನ ಉಪಚಾರ ಮಾಡುವುದಾದರೆ ಅಡುಗೆಮನೆಯ ಥರ್ಮಾಮೀಟರ್. ಅಂದಾಜಿಗೆ ಕೈ ಅದ್ದಿ ನೋಡಿ ಮಾಡುವ ಕೆಲಸವಲ್ಲ ಅದು.

1. ತಿಂಗಳು ನೋಡಿ ತಳಿ ಆರಿಸಿ

ರಾಜ್ಯದ ದಕ್ಷಿಣ ಭಾಗದಲ್ಲಿ ರಾಮನಗರದ ಮಾವು ಮೊದಲು ಬರುತ್ತದೆ, ಕೋಲಾರದ ಶ್ರೀನಿವಾಸಪುರದ್ದು ಆಮೇಲೆ. ತಳಿಗಳಲ್ಲಿ ಸೇಂದೂರ, ಬಂಗನಪಲ್ಲಿ ಮುಂಚಿನವು. ಏಪ್ರಿಲ್ ಕೊನೆಯಿಂದ ಮೇ ತುಂಬ ಬಾದಾಮಿ ಮತ್ತು ರಸಪುರಿ. ಜೂನ್‌ನಲ್ಲಿ ಮಲ್ಲಿಕಾ, ತೋತಾಪುರಿ. ಎಲ್ಲ ಮುಗಿಯಿತು ಎನ್ನುವಾಗ ನೀಲಂ. ಮಳೆ, ಹೂವು, ಬಿಸಿಲು ನೋಡಿಕೊಂಡು ಎರಡು ಮೂರು ವಾರ ಹಿಂದುಮುಂದಾಗಬಹುದು, ಸಾಲು ಮಾತ್ರ ಬದಲಾಗುವುದು ಕಡಿಮೆ.

ಮಾರ್ಚ್ ತಿಂಗಳಲ್ಲಿ ಹಳದಿ ಬಾದಾಮಿ ಕಂಡರೆ ಯಾವ ಊರಿನದು ಎಂದು ಕೇಳಿ. ಕೊಂಕಣ ಕರಾವಳಿಯ ಮರಗಳು ಬೇಗ ಕಾಯಿ ಬಲಿಸುತ್ತವೆ, ಆ ಆಪೂಸ್ ಮಾರ್ಚ್‌ನಲ್ಲಿ ಬಂದರೆ ಸಹಜ. ರಾಮನಗರದ್ದೋ ಕೋಲಾರದ್ದೋ ಎಂದರೆ ಬಿಟ್ಟುಬಿಡಿ, ಎಳಸು ಕಾಯಿಗೆ ಬಣ್ಣ ಬರಿಸಿದ್ದಾರೆ. ನಾವು ಬಾದಾಮಿ ಎನ್ನುವುದೂ ಧಾರವಾಡ, ಬೆಳಗಾವಿಯಲ್ಲಿ ಆಪೂಸ್ ಎನ್ನುವುದೂ ಒಂದೇ ತಳಿ, ಅಲ್ಫಾನ್ಸೋ. ಆದರೆ ಕೊಂಕಣದ ಐದು ಜಿಲ್ಲೆಗಳ ಅಲ್ಫಾನ್ಸೋಗೆ 2018ರಲ್ಲಿ ಭೌಗೋಳಿಕ ಗುರುತು, ಅಂದರೆ ಆ ಸೀಮೆಯ ಬೆಳೆಗಷ್ಟೇ ಆ ಹೆಸರು ಸಲ್ಲುತ್ತದೆ ಎಂಬ ಮಾನ್ಯತೆ, ಸಿಕ್ಕಿದೆ. ನಮ್ಮ ಬಾದಾಮಿಯನ್ನು ‘ರತ್ನಾಗಿರಿ’ ಎಂದು ಚೀಟಿ ಅಂಟಿಸಿದ ಪೆಟ್ಟಿಗೆಯಲ್ಲಿ ಕೊಂಡರೆ ಹೆಚ್ಚಿನ ದುಡ್ಡು ಹೋಗುವುದು ಚೀಟಿಗೆ. ಒಳ್ಳೆಯ ತೋಟದ ಬಾದಾಮಿ ಯಾವ ಚೀಟಿಯ ಹಂಗಿಗೂ ಬೀಳಬೇಕಾಗಿಲ್ಲ.

2. ಬಲಿತ ಕಾಯಿ ಗುರುತಿಸಿ

ಇದೊಂದು ಕಲಿತರೆ ಮುಕ್ಕಾಲು ಕೆಲಸ ಮುಗಿದಂತೆ. ಬಣ್ಣ ನೋಡಬೇಡಿ, ಹೆಗಲು ನೋಡಿ. ತೊಟ್ಟಿನ ಎರಡೂ ಪಕ್ಕ ಇರುವ ಉಬ್ಬು ಭಾಗವೇ ಹೆಗಲು. ಎಳಸು ಕಾಯಿಯಲ್ಲಿ ತೊಟ್ಟು ಎತ್ತರಕ್ಕಿದ್ದು ಹೆಗಲು ಅದರಿಂದ ಕೆಳಕ್ಕೆ ಜಾರಿರುತ್ತದೆ, ಪೇರಲದ ತುದಿಯ ಹಾಗೆ. ಬಲಿತ ಬಾದಾಮಿಯಲ್ಲಿ ಹೆಗಲು ತುಂಬಿ ತೊಟ್ಟಿಗಿಂತ ಮೇಲೆದ್ದು, ತೊಟ್ಟು ಸಣ್ಣ ಕುಳಿಯಲ್ಲಿ ಕೂತಂತೆ ಕಾಣುತ್ತದೆ. ಹೆಬ್ಬೆರಳನ್ನು ತೊಟ್ಟಿನ ಮೇಲಿಟ್ಟರೆ ಆ ಕುಳಿ ಬೆರಳಿಗೆ ಸಿಗಬೇಕು.

ಮಿಕ್ಕ ಗುರುತುಗಳು ಇದಕ್ಕೆ ಸಾಕ್ಷಿ ಹೇಳುತ್ತವೆ. ಕೆನ್ನೆ ಚಪ್ಪಟೆಯಾಗಿರದೆ ದುಂಡಗೆ ತುಂಬಿರುತ್ತದೆ. ಕಡು ಹಸಿರು ತಿಳಿಯಾಗಿ ಮಾಸಲು ಹಸಿರಿಗೆ ತಿರುಗಿರುತ್ತದೆ. ಸಿಪ್ಪೆಯ ಮೇಲಿನ ಸಣ್ಣ ಚುಕ್ಕೆಗಳು ಎದ್ದು ಕಾಣುತ್ತವೆ. ಬೂದಿಯಂಥ ತೆಳು ಪುಡಿ ಹೊದಿಕೆ ಇರುತ್ತದೆ, ಅದು ಹಣ್ಣಿನದೇ ಮೇಣ. ಔಷಧಿ ಎಂದು ಹೆದರಬೇಡಿ. ಮಾರುವವರು ಒಪ್ಪಿದರೆ ಒಂದು ಕಾಯಿ ಕೊಯ್ಯಿಸಿ ನೋಡಿ. ಓಟೆ (ಕೆಲವೆಡೆ ಗೊರಟು, ವಾಟೆ ಎನ್ನುತ್ತಾರೆ) ಗಟ್ಟಿಯಾಗಿ ಚಾಕುವಿಗೆ ಬಗ್ಗದೆ, ಅದರ ಸುತ್ತಲಿನ ತಿರುಳು ಕೆನೆಹಳದಿಗೆ ತಿರುಗಿದ್ದರೆ ಸರಿಯಾಗಿ ಬಲಿತಿದೆ. ಓಟೆ ಕಚಕ್ಕೆಂದು ಕತ್ತರಿಸಿಹೋಗಿ ತಿರುಳು ಬೆಳ್ಳಗಿದ್ದರೆ ಅದು ಉಪ್ಪಿನಕಾಯಿಗೆ ಸಲ್ಲುವ ಕಾಯಿ.

ಮನೆಗೆ ತಂದ ಮೇಲೆ ನೀರಿನ ಪರೀಕ್ಷೆ ಮಾಡಿ. ಬಕೆಟ್ ನೀರಿಗೆ ಕಾಯಿ ಬಿಡಿ. ಬಲಿತದ್ದು ಮುಳುಗುತ್ತದೆ, ಎಳಸು ತೇಲುತ್ತದೆ. ಪಿಷ್ಟ ತುಂಬಿದಷ್ಟೂ ಕಾಯಿಯ ಸಾಂದ್ರತೆ ನೀರಿಗಿಂತ ಹೆಚ್ಚುತ್ತದೆ. ತೇಲಿದವನ್ನು ಬೇರೆ ಇಟ್ಟು ಚಿತ್ರಾನ್ನಕ್ಕೋ ಗೊಜ್ಜಿಗೋ ಬಳಸಿ, ಮುಳುಗಿದವನ್ನು ಮಾತ್ರ ಅಡೆ ಹಾಕಿ. ಬಾದಾಮಿಗೆ ಈ ಪರೀಕ್ಷೆ ಚೆನ್ನಾಗಿ ಒಪ್ಪುತ್ತದೆ. ‘ತೇಲಿದರೆ ಕಾರ್ಬೈಡ್ (ಬೇಗ ಹಣ್ಣು ಮಾಡಲು ಕದ್ದು ಬಳಸುವ ರಾಸಾಯನಿಕ) ಹಾಕಿದ್ದು, ಮುಳುಗಿದರೆ ಹಾಕಿಲ್ಲ’ ಎಂದು ಮೊಬೈಲಿನಲ್ಲಿ ಓಡಾಡುವ ಮಾತಿದೆಯಲ್ಲ, ಅದು ಈ ಪರೀಕ್ಷೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡದ್ದು. ನೀರು ಹೇಳುವುದು ಬಲಿತಿದೆಯೇ ಎಂಬುದನ್ನು ಮಾತ್ರ. ಯಾವುದರಿಂದ ಹಣ್ಣಾಯಿತು ಎಂಬುದನ್ನಲ್ಲ.

ಎಚ್ಚರಿಕೆ: ಸೇಂದೂರದ ಹೆಗಲಿನ ಕೆಂಪು ಬಿಸಿಲು ಬಿದ್ದ ಕಡೆ ಕಾಯಿಯಲ್ಲೇ ಬರುತ್ತದೆ. ಕೆಂಪಗಿದೆ ಎಂದು ಕೊಂಡು ಮೋಸ ಹೋಗುವವರು ಹೆಚ್ಚು ಸಿಗುವುದು ಈ ತಳಿಯಲ್ಲೇ.

3. ಸ್ವಂತ ಮರವಿದ್ದರೆ ತೊಟ್ಟು ಬಿಟ್ಟು ಕೀಳಿ

ತಾನಾಗಿ ಒಂದೆರಡು ಹಣ್ಣು ಉದುರತೊಡಗಿದಾಗ ಮರ ಕೊಯ್ಲಿಗೆ ಬಂದಿದೆ ಎಂದರ್ಥ. ಕೋಲಿನಿಂದ ಬಡಿದರೆ, ಕೊಂಬೆ ಕುಲುಕಿದರೆ ಬಿದ್ದ ಪ್ರತಿ ಕಾಯಿಗೂ ಒಳಪೆಟ್ಟು ಬೀಳುತ್ತದೆ. ಅಂದು ಕಾಣದು, ಐದನೇ ದಿನ ಅಲ್ಲೇ ಕಪ್ಪಾಗುತ್ತದೆ. ಬಲೆ ಕಟ್ಟಿದ, ತುದಿಯಲ್ಲಿ ಬ್ಲೇಡಿರುವ ಕೊಯ್ಯುವ ಕೋಲು ಬಳಸಿ.

ತೊಟ್ಟನ್ನು ನಾಲ್ಕೈದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಆಮೇಲೆ ನೆರಳಿನಲ್ಲಿ ಒಂದು ಸೆಂಟಿಮೀಟರಿಗೆ ಮೊಟಕುಗೊಳಿಸಿ, ಸೊನೆ ಜಿನುಗಿದರೆ ಕಾಯಿಯನ್ನು ತಲೆಕೆಳಗಾಗಿ ಗೋಣಿ ಅಥವಾ ಜಾಲರಿಯ ಮೇಲೆ ಎರಡು ಗಂಟೆ ಇಡಿ. ತೊಟ್ಟು ಬುಡಕ್ಕೇ ಕಿತ್ತುಬಂದರೆ ಸೊನೆ ಚಿಮ್ಮಿ ಸಿಪ್ಪೆಯ ಮೇಲೆ ಹರಿಯುತ್ತದೆ, ಹರಿದ ದಾರಿಯಲ್ಲಿ ಸಿಪ್ಪೆ ಸುಟ್ಟು ಕರಿಗೆರೆ ಬೀಳುತ್ತದೆ. ಜೊತೆಗೆ ಆ ಗಾಯದಿಂದಲೇ ತೊಟ್ಟುಕೊಳೆ ರೋಗ ಒಳಗೆ ನುಗ್ಗುತ್ತದೆ. ಕಿತ್ತ ಕಾಯಿಯನ್ನು ಬರಿನೆಲದ ಮೇಲೆ ರಾಶಿ ಹಾಕಬೇಡಿ, ಕೊಳೆಯಿಸುವ ಶಿಲೀಂಧ್ರ ಮಣ್ಣಿನಲ್ಲೂ ಇರುತ್ತದೆ.

ಸೊನೆ ಕೈಗೆ, ತುಟಿಗೆ ತಾಗದಂತೆ ನೋಡಿಕೊಳ್ಳಿ. ಮಾವು ಗೇರಿನ ಕುಟುಂಬದ್ದು. ಗೇರು ಸಿಪ್ಪೆಯ ಎಣ್ಣೆಗೆ ಗುಳ್ಳೆ ಏಳುವವರಿಗೆ ಮಾವಿನ ಸೊನೆಗೂ ಏಳಬಹುದು. ಅಂಥವರು ಹಣ್ಣನ್ನು ಕಚ್ಚಿ ತಿನ್ನದೆ ಸಿಪ್ಪೆ ತೆಗೆಸಿಕೊಂಡು ತಿನ್ನುವುದು ಲೇಸು.

4. ತೊಳೆದು, ಒಣಗಿಸಿ

ನೀರಿನ ಪರೀಕ್ಷೆಯ ಹೊತ್ತಿಗೇ ತೊಳೆಯುವ ಕೆಲಸವೂ ಆಗುತ್ತದೆ. ಮೆತ್ತನೆ ಬಟ್ಟೆಯಿಂದ ಒಣಗಿದ ಸೊನೆ ತೆಗೆದು, ನೀರು ಬದಲಿಸಿ ಇನ್ನೊಮ್ಮೆ ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಹರಡಿ. ತೊಟ್ಟಿನ ಕುಳಿಯಲ್ಲಿ ನೀರು ನಿಂತಿರುತ್ತದೆ, ಅದನ್ನು ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ. ಒದ್ದೆ ಕಾಯಿ ಹುಲ್ಲಿಗೆ ಹೋದರೆ ಮೂರನೇ ದಿನ ಬೂಸಲು ಖಂಡಿತ.

ಮಳೆ ಬಿದ್ದ ಮೇಲೆ ಕೊಯ್ದ ಕಾಯಿಯಾದರೆ ಚಿಬ್ಬುರೋಗದ ಭಯ ಹೆಚ್ಚು. ಕಾಯಿಯಲ್ಲಿ ಅಡಗಿ ಕೂತಿದ್ದ ಶಿಲೀಂಧ್ರ ಹಣ್ಣಾಗುವಾಗ ಎದ್ದು ಕರಿಚುಕ್ಕೆ, ಆಮೇಲೆ ಕರಿತೇಪೆ ಮಾಡುತ್ತದೆ. ಇದನ್ನು ತಗ್ಗಿಸಲು ಮನೆಯಲ್ಲೇ ಮಾಡಬಹುದಾದ್ದು ಬಿಸಿನೀರಿನ ಉಪಚಾರ: 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 5ರಿಂದ 10 ನಿಮಿಷ ಮುಳುಗಿಸುವುದು. 4 ಲೀಟರ್ ಕುದಿಯುವ ನೀರಿಗೆ 7.5 ಲೀಟರ್ ನಲ್ಲಿ ನೀರು ಬೆರೆಸಿದರೆ ಹೆಚ್ಚುಕಡಿಮೆ ಆ ಬಿಸಿ ಸಿಗುತ್ತದೆ. ಎರಡು ಕಿಲೋ ತಣ್ಣನೆ ಕಾಯಿ ಮುಳುಗಿಸಿದ ಕೂಡಲೇ ಮೂರು ಡಿಗ್ರಿ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ಪಕ್ಕದಲ್ಲಿ ಕುದಿನೀರು ಇಟ್ಟುಕೊಂಡು ಪಾತ್ರೆಯ ಅಂಚಿನಿಂದ ಸ್ವಲ್ಪ ಸ್ವಲ್ಪ ಸೇರಿಸಿ, ಸೌಟಿನಿಂದ ಕಲಕುತ್ತ 52ರ ಆಸುಪಾಸಿನಲ್ಲಿ ಹಿಡಿದಿಡಿ. 55 ದಾಟಿದರೆ ಸಿಪ್ಪೆ ಬೆಂದು ಕಂದಾಗುತ್ತದೆ, 48ಕ್ಕೆ ಇಳಿದರೆ ಹತ್ತು ನಿಮಿಷದಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ಕಿತ್ತ ಮಾರನೇ ದಿನದೊಳಗೆ ಮಾಡಿದರೆ ಒಳ್ಳೆಯ ಫಲ. ಬಿಸಿಲಿನಲ್ಲಿ ಬೆಳೆದ ಒಣಹವೆಯ ಕಾಯಿಗೆ ಈ ಗೋಜು ಬೇಕಿಲ್ಲ.

5. ಅಡೆ ಹಾಕಿ

ಪೆಟ್ಟಿಗೆಯ ತಳಕ್ಕೆ ಎರಡು ಇಂಚು ಹುಲ್ಲು ಹಾಸಿ. ಕಾಯಿಗಳನ್ನು ಪಕ್ಕಕ್ಕೆ ಮಲಗಿಸಿ, ಒಂದರ ತೊಟ್ಟು ಇನ್ನೊಂದರ ಸಿಪ್ಪೆಗೆ ಚುಚ್ಚದಂತೆ ಜೋಡಿಸಿ, ನಡುವೆ ಹುಲ್ಲು ತುರುಕಿ. ಮೇಲೆ ಒಂದು ಇಂಚು ಹುಲ್ಲು, ಮತ್ತೊಂದು ಸಾಲು ಕಾಯಿ, ಮತ್ತೆ ಹುಲ್ಲು. ಎರಡು ಸಾಲಿಗಿಂತ ಹೆಚ್ಚು ಬೇಡ. ಕೆಳಗಿನವು ಭಾರಕ್ಕೆ ಅಪ್ಪಚ್ಚಿಯಾಗುವುದಷ್ಟೇ ಅಲ್ಲ, ರಾಶಿಯ ನಡುವೆ ಬಿಸಿಯೂ ಏರುತ್ತದೆ.

ಹುಲ್ಲಿನಲ್ಲಿ ಮಂತ್ರವೇನೂ ಇಲ್ಲ. ಹಣ್ಣಾಗುವ ಕಾಯಿ ತಾನೇ ಎಥಿಲಿನ್ ಎಂಬ ಅನಿಲ ಬಿಡುತ್ತದೆ, ಆ ಅನಿಲವೇ ಪಕ್ಕದ ಕಾಯಿಗೂ ಹಣ್ಣಾಗು ಎಂದು ಸೂಚನೆ ಕೊಡುತ್ತದೆ. ಹುಲ್ಲು ಅದನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ತೇವ ಹೀರುತ್ತದೆ, ಬಿಸಿ ಏರಿಳಿಯದಂತೆ ಕಾಯುತ್ತದೆ. ಬೇಗ ಬೇಕಿದ್ದರೆ ಎರಡು ಕಳಿತ ಬಾಳೆಹಣ್ಣನ್ನು ಕಾಗದದಲ್ಲಿ ಸುತ್ತಿ ನಡುವೆ ಇಡಿ. ಬಾಳೆಯ ಎಥಿಲಿನ್‌ನಿಂದ ಒಂದೆರಡು ದಿನ ಮುಂಚೆ ಆಗುತ್ತದೆ. ಬಾಳೆಹಣ್ಣು ಕಪ್ಪಾಗುವ ಮೊದಲು ತೆಗೆಯಿರಿ.

ಪೆಟ್ಟಿಗೆ ಎಲ್ಲಿಡಬೇಕು? ಬಿಸಿಲು ಬೀಳದ, ಗಾಳಿ ಓಡಾಡುವ ಕೋಣೆ. 20ರಿಂದ 28 ಡಿಗ್ರಿ ಹಿತ. 32–33 ದಾಟಿದರೆ ತಿರುಳು ಮೆತ್ತಗಾದರೂ ಸಿಪ್ಪೆ ತೇಪೆ ತೇಪೆಯಾಗಿ ಉಳಿಯುತ್ತದೆ, ಪರಿಮಳ ಕುಗ್ಗುತ್ತದೆ. ಬೆಂಗಳೂರು, ಮೈಸೂರಿನವರು ಮಂಚದ ಕೆಳಗೆ ಇಟ್ಟರೆ ಸಾಕು. ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಮಹಡಿಯ ಕೋಣೆ ಬೇಡ. ನೆಲಮನೆಯ ತಂಪು ಮೂಲೆ ಹುಡುಕಿ, ಮೇಲಿನ ಹುಲ್ಲು ತೆಳುವಾಗಿಸಿ, ಒಂದೇ ಸಾಲು ಇಡಿ.

ಇಲ್ಲಿ ಆಗುವ ತಪ್ಪುಗಳು ಮೂರು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡುವುದು ಮೊದಲನೆಯದು; ಗಾಳಿ ಸಿಗದೆ ಒಳಗೆ ಹುದುಗು ಹಿಡಿದು ಹೆಂಡದ ವಾಸನೆ ಬರುತ್ತದೆ. ಕಾಯಿಯನ್ನೇ ಫ್ರಿಜ್ಜಿಗೆ ಹಾಕುವುದು ಎರಡನೆಯದು. 12–13 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಮಾವಿನಕಾಯಿಗೆ ಶೀತದ ಪೆಟ್ಟು ಬೀಳುತ್ತದೆ, ಸಿಪ್ಪೆ ಬೂದಾಗಿ ಗುಳಿ ಬೀಳುತ್ತದೆ, ಆಮೇಲೆ ಹೊರಗಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ. ಮೂರನೆಯದು ಅಕ್ಕಿ ಡಬ್ಬ. ಒಂದೆರಡು ಕಾಯಿಗೆ ಅದು ನಡೆಯುತ್ತದೆ, ಬೇಗವೂ ಆಗುತ್ತದೆ. ಆದರೆ ಒಳಗೇನಾಯಿತೆಂದು ಕಾಣುವುದಿಲ್ಲ. ಒಂದು ಹಣ್ಣು ಒಡೆದರೆ ಹತ್ತು ಕಿಲೋ ಅಕ್ಕಿಯೂ ಹೋಯಿತು.

6. ದಿನಕ್ಕೊಮ್ಮೆ ತೆರೆದು ನೋಡಿ

ಮೊದಲ ಮೂರು ದಿನ ಮುಟ್ಟುವುದು ಬೇಡ. ನಾಲ್ಕನೇ ದಿನದಿಂದ ಬೆಳಿಗ್ಗೆ ಒಮ್ಮೆ ತೆರೆದು ಎಲ್ಲ ಕಾಯಿಯನ್ನೂ ತಿರುಗಿಸಿ ನೋಡಿ. ಕಪ್ಪು ಬಿದ್ದದ್ದು, ತೊಟ್ಟಿನ ಸುತ್ತ ಕಂದು ಉಂಗುರ ಬಂದದ್ದು, ನೀರೊಡೆದದ್ದು ತಕ್ಷಣ ಹೊರಗೆ. ತೊಟ್ಟುಕೊಳೆ ಒಂದೆರಡು ದಿನದಲ್ಲಿ ಇಡೀ ಹಣ್ಣನ್ನು ಆವರಿಸುತ್ತದೆ, ಪಕ್ಕದ್ದಕ್ಕೂ ಹಬ್ಬುತ್ತದೆ. ಆ ಜಾಗದ ಹುಲ್ಲನ್ನೂ ಬದಲಿಸಿ.

ಹಣ್ಣಾಯಿತೇ ಎಂದು ನೋಡಲು ಹೆಬ್ಬೆರಳಿನಿಂದ ಕೆನ್ನೆ ಒತ್ತುವ ಚಾಳಿ ಬಿಡಿ, ಒತ್ತಿದಲ್ಲೆಲ್ಲ ಮಾರನೇ ದಿನ ಕಲೆ. ಅಂಗೈಯಲ್ಲಿ ಇಡಿಯಾಗಿ ಹಿಡಿದು ಸಣ್ಣಗೆ ಅದುಮಿ, ಮೂಗನ್ನು ತೊಟ್ಟಿನ ಬಳಿ ಒಯ್ಯಿರಿ. ಪರಿಮಳ ಮೊದಲು ಹೊರಡುವುದು ಅಲ್ಲಿಂದ.

7. ತಳಿಯ ಲೆಕ್ಕ ತಿಳಿದಿರಲಿ

ಕೆಳಗಿನ ದಿನಗಳು ಬಲಿತ ಕಾಯಿಗೆ, ಕೋಣೆಯ ಬಿಸಿ 26–28 ಡಿಗ್ರಿ ಇದ್ದಾಗ, ಕಿತ್ತ ದಿನದಿಂದ ಅಂದಾಜು. ಅಂಗಡಿಯಲ್ಲಿ ಎರಡು ದಿನ ಕಳೆದಿದ್ದರೆ ಅದನ್ನು ಕಳೆಯಿರಿ.

ಬಾದಾಮಿ, 8ರಿಂದ 12 ದಿನ. ಬಣ್ಣ ಬಂದ ದಿನವೇ ತಿನ್ನಲು ಹೋಗಬೇಡಿ. ಹಳದಿ ತಿರುಗಿದ ಮೇಲೆ ಒಂದೆರಡು ದಿನ ಕಾದರೆ ತಿರುಳು ಕಿತ್ತಳೆಯ ಕಡೆಗೆ ವಾಲಿ, ಪೆಟ್ಟಿಗೆ ತೆರೆದರೆ ಕೋಣೆಗೆಲ್ಲ ವಾಸನೆ ಹಬ್ಬುತ್ತದೆ. ಸಿಪ್ಪೆ ಸಣ್ಣಗೆ ಸಡಿಲವಾದಾಗ ಅದು ತಯಾರು.

ರಸಪುರಿ, 5ರಿಂದ 7 ದಿನ. ಅವಸರದ ಹಣ್ಣು ಇದು. ಹೆಗಲಿನ ಬಳಿ ಹಸಿರು ಉಳಿದಿದ್ದರೂ ಒಳಗೆ ಹಣ್ಣಾಗಿರುತ್ತದೆ, ಪೂರ್ತಿ ಹಳದಿಯಾಗಲಿ ಎಂದು ಕಾದರೆ ಹುದುಗು ಹಿಡಿಯುತ್ತದೆ. ಚಾಕು ಹಾಕಬೇಡಿ. ಅಂಗೈಗಳ ನಡುವೆ ನಿಧಾನವಾಗಿ ಉರುಳಿಸಿ ಮೆತ್ತಗೆ ಮಾಡಿ, ತೊಟ್ಟಿನ ಬಳಿಯ ಮೊದಲ ಹನಿ ಸೊನೆ ಹಿಂಡಿ ಚೆಲ್ಲಿ, ಆಮೇಲೆ ರಸ ಹಿಂಡಿ. ಸೀಕರಣೆಗೆ ಇದಕ್ಕೆ ಸಮ ಇನ್ನೊಂದಿಲ್ಲ. ಬಾದಾಮಿಯ ಸೀಕರಣೆ ದಪ್ಪ, ರಸಪುರಿಯದು ಹೋಳಿಗೆಯ ಜೊತೆ ಹರಿಯುವಂಥದ್ದು. 5 ಕಿಲೋ ಒಟ್ಟಿಗೆ ತಂದರೆ ಎರಡೇ ದಿನದಲ್ಲಿ ಎಲ್ಲ ಒಟ್ಟಿಗೆ ಹಣ್ಣಾಗುತ್ತವೆ, ಮನೆಯಲ್ಲಿ ತಿನ್ನುವ ಬಾಯಿಗಳನ್ನು ಎಣಿಸಿ ತನ್ನಿ.

ಬಂಗನಪಲ್ಲಿ, 7ರಿಂದ 10 ದಿನ. ಆಂಧ್ರದ ನಂದ್ಯಾಲ ಸೀಮೆಯ ಬನಗಾನಪಲ್ಲಿಯ ಹೆಸರು. 2017ರಲ್ಲಿ ಭೌಗೋಳಿಕ ಗುರುತು ಪಡೆದಿದೆ. ಸಿಪ್ಪೆ ತೆಳು, ನಾರಿಲ್ಲ, ಹೋಳು ಮಾಡಿ ತಿನ್ನಲು ಹೇಳಿ ಮಾಡಿಸಿದ್ದು. ಪರಿಮಳ ಕಡಿಮೆ, ಹಾಗಾಗಿ ಮೂಗಿನ ಪರೀಕ್ಷೆ ಇಲ್ಲಿ ಅಷ್ಟು ನಡೆಯದು; ಸಮನಾದ ಹಳದಿ ಮತ್ತು ಅಂಗೈಯ ಅದುಮು ನಂಬಿ.

ಮಲ್ಲಿಕಾ, 10ರಿಂದ 14 ದಿನ. ನೀಲಂ ಮತ್ತು ದಶೇರಿಯ ಸಂಕರ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ಜನ ಅತಿ ಹೆಚ್ಚು ಕೆಡಿಸಿಕೊಳ್ಳುವುದು ಇದನ್ನೇ. ಹಳದಿಯಾದ ದಿನ ಕೊಯ್ದರೆ ಹಿಟ್ಟುಹಿಟ್ಟಾಗಿ, ಹುಳಿಯಾಗಿ ‘ಇಷ್ಟೇನಾ’ ಎನಿಸುತ್ತದೆ. ಸಿಪ್ಪೆ ಕಡು ಹಳದಿಗೆ ತಿರುಗಿ, ಮೂತಿಯ ಕಡೆ ಸಣ್ಣಗೆ ಸುಕ್ಕು ಕಾಣಿಸುವವರೆಗೆ ತಡೆಯಿರಿ. ಆಗ ಓಟೆ ತೆಳ್ಳಗೆ, ತಿರುಳು ದಪ್ಪ, ಸಕ್ಕರೆ ಬಾದಾಮಿಗಿಂತ ಒಂದು ಕೈ ಮೇಲೆ. ಸುಕ್ಕು ನೋಡಿ ಕೆಟ್ಟಿತೆಂದು ಎಸೆಯುವವರಿದ್ದಾರೆ, ಅಯ್ಯೋ ಎನಿಸುತ್ತದೆ.

ತೋತಾಪುರಿ, 8ರಿಂದ 12 ದಿನ. ಗಿಣಿಮೂತಿ ಎಂದರೂ ಇದೇ. ಕಾಯಾಗಿ, ದೋರೆಗಾಯಾಗಿ (ಅರೆಹಣ್ಣಾಗಿ) ಉಪ್ಪುಖಾರ ಹಚ್ಚಿ ತಿನ್ನುವುದರಲ್ಲೇ ಇದರ ಸೊಗಸು. ಜ್ಯೂಸ್ ಕಾರ್ಖಾನೆಗಳು ಕೊಳ್ಳುವುದೂ ಹೆಚ್ಚಾಗಿ ಇದನ್ನೇ. ಪೂರ್ತಿ ಹಣ್ಣು ಮಾಡಿ ಬಾದಾಮಿಯ ರುಚಿ ನಿರೀಕ್ಷಿಸಿದರೆ ತಪ್ಪು ತೋತಾಪುರಿಯದಲ್ಲ.

ಸೇಂದೂರ ಮತ್ತು ನೀಲಂ ಒಂದು ವಾರದ ಆಸುಪಾಸು. ಸೇಂದೂರದ ಕೆಂಪು ಬಿಟ್ಟು ಕೆಳಗಿನ ಹಸಿರು ಹಳದಿಗೆ ತಿರುಗಿತೇ ಎಂದು ನೋಡಿ. ನೀಲಂ ಹಣ್ಣಾದ ಮೇಲೂ ನಾಲ್ಕೈದು ದಿನ ತಾಳುತ್ತದೆ.

ಇಮಾಮ್ ಪಸಂದ್ ಹಣ್ಣಾದರೂ ಹಸಿರು ಬಿಡುವುದಿಲ್ಲ. ಹಳದಿಗೆ ಕಾದು ಕೂತರೆ ಕೊಳೆತದ್ದೇ ಸಿಗುತ್ತದೆ. ಅಂಗೈಯ ಅದುಮು, ತೊಟ್ಟಿನ ವಾಸನೆ ಎರಡೇ ದಾರಿ.

ಅಂಕೋಲೆಯ ಕರಿ ಇಶಾಡನ್ನು ಕಾಯಾಗಿ ತಂದು ದೂರದೂರಿನಲ್ಲಿ ಅಡೆ ಹಾಕುವ ಸಾಹಸ ಬೇಡ. ತೆಳು ಸಿಪ್ಪೆಯ ಹಣ್ಣು, ಹಣ್ಣಾದರೆ ಎರಡು ಮೂರು ದಿನಕ್ಕಿಂತ ತಾಳದು. ಮೇ ತಿಂಗಳಲ್ಲಿ ಆ ಕಡೆ ಹೋದಾಗ ಅಲ್ಲೇ ತಿನ್ನುವುದು ಕ್ಷೇಮ. ಕೊಳ್ಳುವಾಗ ಬಿಳಿ ಇಶಾಡು ಬೆರೆತಿದೆಯೇ ನೋಡಿ, ಅದರ ಸಿಪ್ಪೆ ದಪ್ಪ, ರುಚಿ ಒಂದು ಮೆಟ್ಟಿಲು ಕೆಳಗೆ. ಅಪ್ಪೆಮಿಡಿಯನ್ನು ಹಣ್ಣು ಮಾಡಬಹುದೇ ಎಂದೂ ಕೆಲವರು ಕೇಳುತ್ತಾರೆ. ಮಿಡಿ ಇರುವುದು ಉಪ್ಪಿನಕಾಯಿಯ ಜಾಡಿಗೆ, ಹುಲ್ಲಿಗಲ್ಲ.

8. ಹಣ್ಣಾದ ಮೇಲೆ

ಹಣ್ಣಾದದ್ದನ್ನು ಅಡೆಯಿಂದ ತೆಗೆದು ತಟ್ಟೆಯಲ್ಲಿ ಹರಡಿ. ಒಂದೆರಡು ದಿನದಲ್ಲಿ ಮುಗಿಯದಿದ್ದರೆ ಈಗ ಫ್ರಿಜ್ಜಿಗೆ ಹಾಕಿ, ಕೆಳಗಿನ ತರಕಾರಿ ಡಬ್ಬದಲ್ಲಿ ನಾಲ್ಕೈದು ದಿನ ನಿಲ್ಲುತ್ತದೆ. ತಿನ್ನುವ ಮುಕ್ಕಾಲು ಗಂಟೆ ಮೊದಲು ಹೊರಗಿಡಿ. ತಣ್ಣನೆಯ ಮಾವಿಗೆ ಸಿಹಿ ಇರುತ್ತದೆ, ವಾಸನೆ ಇರುವುದಿಲ್ಲ.

ತಿರುಳು ಕೂಡಿಡಲು ಬಾದಾಮಿ, ಮಲ್ಲಿಕಾ ಒಳ್ಳೆಯವು. ಸಿಪ್ಪೆ ತೆಗೆದು ರುಬ್ಬಿ, ನಾರಿದ್ದರೆ ಸೋಸಿ, ಒಂದು ಸಲಕ್ಕೆ ಬೇಕಾದಷ್ಟೇ, ಅಂದರೆ 250 ಗ್ರಾಂನಂತೆ ಡಬ್ಬಿಗಳಿಗೆ ತುಂಬಿ. ಮೇಲೆ ಒಂದು ಬೆರಳು ಜಾಗ ಬಿಡಿ, ಗಟ್ಟಿಯಾಗುವಾಗ ತಿರುಳು ಉಬ್ಬುತ್ತದೆ. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದ್ದರೆ ಕೆಲವು ತಿಂಗಳು ಇರುತ್ತದೆ. ಕರಗಿಸಿದ್ದನ್ನು ಮತ್ತೆ ಗಟ್ಟಿ ಮಾಡಬೇಡಿ.

ಕೊಯ್ದಾಗ ಒಳಗೆ ಕಾಣುವ ತೊಂದರೆಗಳು

ಹೊರಗೆ ಬಂಗಾರದಂಥ ಬಾದಾಮಿ, ಒಳಗೆ ಓಟೆಯ ಪಕ್ಕ ಬಿಳಿಚಿದ, ಸ್ಪಂಜಿನಂತೆ ಪೊಳ್ಳಾದ, ಹುಳಿ ತಿರುಳು. ಇದಕ್ಕೆ ಸ್ಪಾಂಜಿ ಟಿಶ್ಯೂ ಎನ್ನುತ್ತಾರೆ. ನೆಲದಿಂದ ಏಳುವ ಬಿಸಿ ಮತ್ತು ಓಟೆಯೊಳಗಿನ ಬೀಜ ಮೊಳಕೆಯ ಹಾದಿ ಹಿಡಿಯುವುದು ಇದಕ್ಕೆ ಕಾರಣವೆಂದು ಸಂಶೋಧಕರು ಹೇಳುತ್ತಾರೆ. ಹೊರಗಿನಿಂದ ಗುರುತಿಸಲು ದಾರಿಯಿಲ್ಲ, ಮಾರಿದವರ ಮೇಲೆ ಸಿಟ್ಟಾಗಿಯೂ ಫಲವಿಲ್ಲ. ಕೆಟ್ಟ ಭಾಗ ತೆಗೆದು ಮಿಕ್ಕದ್ದು ತಿನ್ನಬಹುದು. ಬೆಳೆಯುವವರಾದರೆ ಬಾದಾಮಿಯನ್ನು ಮರದಲ್ಲಿ ಅತಿಯಾಗಿ ಬಲಿಯಲು ಬಿಡದೆ ಶೇ. 85ರಷ್ಟು ಬಲಿತಾಗ ಕೀಳಿ, ಮರದ ಬುಡಕ್ಕೆ ಒಣ ಎಲೆ ಹೊದಿಸಿ. ಹೊಸ ಸಸಿ ನೆಡುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಪುನೀತ್ ನೋಡಬಹುದು. ಅದು ಅಲ್ಫಾನ್ಸೋ–ಬಂಗನಪಲ್ಲಿ ಸಂಕರ, ಈ ದೋಷ ಅದಕ್ಕಿಲ್ಲ.

ತಿರುಳಿನಲ್ಲಿ ಬಿಳಿ ಹುಳುಗಳು ಕುಣಿಯುತ್ತಿದ್ದರೆ ಅದು ಹಣ್ಣುನೊಣದ ಕೆಲಸ. ನೊಣ ಬಲಿಯುತ್ತಿರುವ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಸೂಜಿ ಚುಚ್ಚಿದಂಥ ಚುಕ್ಕೆ, ಅದರ ಸುತ್ತ ಒಣಗಿದ ಅಂಟಿನ ಹನಿ ಕಂಡರೆ ಆ ಕಾಯಿ ಕೊಳ್ಳಬೇಡಿ. ಮಳೆ ಶುರುವಾದ ಮೇಲೆ ಬರುವ ತಳಿಗಳಲ್ಲಿ ಇದರ ಕಾಟ ಜಾಸ್ತಿ. ಹುಳುಬಿದ್ದ ಹಣ್ಣನ್ನು ಗೊಬ್ಬರದ ಗುಂಡಿಗೆ ಹಾಗೇ ಎಸೆದರೆ ನಿಮ್ಮ ಹಿತ್ತಲಲ್ಲೇ ನೊಣದ ಮರಿ ಸಾಕಿದಂತೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕೆಲ ದಿನ ಬಿಸಿಲಿಗಿಡಿ.

ಓಟೆ ಒಡೆದಾಗ ಒಳಗಿನಿಂದ ಗಟ್ಟಿ ಮೈಯ ಕರಿ ಹುಳು ಹೊರಬಂದರೆ ಅದು ಓಟೆ ಕೊರೆಯುವ ಸೊಂಡಿಲ ಹುಳು, ನೊಣಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಯಿ ಎಳೆಯದಾಗಿದ್ದಾಗಲೇ ಒಳಹೊಕ್ಕು ಓಟೆಯಲ್ಲಿ ಬೆಳೆದಿರುತ್ತದೆ, ಸಿಪ್ಪೆಯ ಮೇಲೆ ಗುರುತೇ ಉಳಿದಿರುವುದಿಲ್ಲ. ತಿರುಳು ಚೆನ್ನಾಗಿದ್ದರೆ ತಿನ್ನಲು ಅಡ್ಡಿಯಿಲ್ಲ.

ಕಾರ್ಬೈಡ್ ಮತ್ತು ಪೊಟ್ಟಣದ ವಿಚಾರ

ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ. ತೇವ ತಾಗಿದರೆ ಅದು ಅಸಿಟಿಲಿನ್ ಅನಿಲ ಬಿಡುತ್ತದೆ, ಕಾರ್ಖಾನೆ ದರ್ಜೆಯ ಕಾರ್ಬೈಡಿನಲ್ಲಿ ಆರ್ಸೆನಿಕ್, ರಂಜಕದ ಅಂಶವೂ ಇರುತ್ತದೆ. ಎಥಿಲಿನ್ ಅನಿಲ ಬೇರೆ ಮಾತು. 2016ರಿಂದ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನವರೆಗೆ, ಬಳಸಲು ಅನುಮತಿಯಿದೆ. ಎಥಿಲಿನ್ ಬಿಡುವ ಪುಡಿಯ ಪೊಟ್ಟಣ ಪೆಟ್ಟಿಗೆಯಲ್ಲಿದ್ದರೂ ಪುಡಿ ಹಣ್ಣಿಗೆ ತಾಗುವಂತಿಲ್ಲ.

ಕಣ್ಣಿನಿಂದಲೇ ಕಾರ್ಬೈಡ್ ಹಣ್ಣನ್ನು ಖಚಿತವಾಗಿ ಹೇಳಲಾಗದು. ಸಂಶಯ ಪಡಬೇಕಾದ ಗುರುತುಗಳಿವೆ: ಕಾಲಕ್ಕೆ ಮುಂಚೆ ಬಂದ, ಒಂದೇ ಅಚ್ಚಿನ ಹಳದಿಯ, ತೊಟ್ಟಿನ ಬಳಿ ವಾಸನೆಯೇ ಇಲ್ಲದ, ಕೊಯ್ದರೆ ಓಟೆಯ ಸುತ್ತ ಬೆಳ್ಳಗೆ ಗಟ್ಟಿಯಾಗಿರುವ ಹಣ್ಣು. ಪೆಟ್ಟಿಗೆಯ ತಳದಲ್ಲಿ ಬೂದುಬಣ್ಣದ ಹರಳಿನ ಪೊಟ್ಟಣ, ಬೆಳ್ಳುಳ್ಳಿಯಂಥ ಘಾಟು ಇದ್ದರೆ ಹಣ್ಣನ್ನು ಹಿಂದಿರುಗಿಸಿ. ಆ ಪೊಟ್ಟಣವನ್ನು ಸಿಂಕಿಗೆ ಹಾಕಿ ನೀರು ಬಿಡಬೇಡಿ, ಹೊರಬರುವ ಅನಿಲಕ್ಕೆ ಬೆಂಕಿ ಹತ್ತುತ್ತದೆ. ಬಹುಮಟ್ಟಿಗೆ ಈ ತಲೆನೋವೆಲ್ಲ ತಪ್ಪುವುದು ಹಣ್ಣಿನ ಬದಲು ಬಲಿತ ಕಾಯಿ ಕೊಂಡಾಗ. ಲಾಲ್‌ಬಾಗಿನ ಮಾವು ಮೇಳದಲ್ಲಿ, ತೋಟದ ಬಾಗಿಲಲ್ಲಿ ಕೊಳ್ಳುವವರು ‘ಹಣ್ಣು ಬೇಡ, ಮುಂದಿನ ವಾರಕ್ಕಾಗುವ ಕಾಯಿ ಕೊಡಿ’ ಎಂದು ಕೇಳಿ.

ವಿದೇಶದಲ್ಲಿರುವವರಿಗೆ

2007ರಿಂದ ಅಮೆರಿಕಕ್ಕೆ ಹೋಗುತ್ತಿರುವ ಭಾರತದ ಮಾವು ಕೀಟನಾಶಕ್ಕಾಗಿ ವಿಕಿರಣ ಹಾಯಿಸಿಕೊಂಡೇ ಹೋಗುತ್ತದೆ. ಯುರೋಪಿಗೆ ಹೋಗುವುದಕ್ಕೆ ಬಿಸಿನೀರಿನ ಉಪಚಾರ ಆಗಿರುತ್ತದೆ. ಆದ್ದರಿಂದ ನಾಲ್ಕನೇ ಹಂತ ನಿಮಗೆ ಬೇಕಿಲ್ಲ. ಪೆಟ್ಟಿಗೆ ತಲುಪಿದ ದಿನ ತೆರೆದು, ಒತ್ತಿಟ್ಟ ಹಣ್ಣುಗಳನ್ನು ಬಿಡಿಸಿ, ಕಂದು ಕಾಗದದ ಚೀಲದಲ್ಲಿ ನಾಲ್ಕು ನಾಲ್ಕರಂತೆ ಒಂದು ಬಾಳೆಹಣ್ಣಿನ ಜೊತೆ ಇಡಿ. ಹವಾನಿಯಂತ್ರಿತ ಮನೆಯ 21 ಡಿಗ್ರಿಯಲ್ಲಿ ಮೇಲಿನ ಲೆಕ್ಕಕ್ಕಿಂತ ಎರಡು ಮೂರು ದಿನ ಹೆಚ್ಚು ಹಿಡಿಯುತ್ತದೆ. ಗಟ್ಟಿಯಿದೆ ಎಂದು ಮೈಕ್ರೋವೇವಿಗೆ ಹಾಕಿದರೆ ತಿರುಳು ಬೇಯುತ್ತದೆಯೇ ಹೊರತು ಹಣ್ಣಾಗುವುದಿಲ್ಲ.